ಕೊನೆಗೆ ಯಾರು ಸತ್ತಿದ್ರು ಅಂತ ನನ್ನನ್ನ ಕೇಳಬೇಡಿ

ಸಿನಿಮಾ ಮುಗಿದು ಹೆಸರುಗಳು ಇನ್ನೂ ಮೇಲಕ್ಕೆ ಸರೀತಾ ಇದ್ದವು. ಗೆಳೆಯನ ಮನೆಯ ಹಾಲ್‌ನಲ್ಲಿ ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟುಕೊಂಡು ಆರು ಜನ ಕೂತಿದ್ವಿ. ಯಾರೂ ಲೈಟ್ ಹಾಕಿರಲಿಲ್ಲ. ಕತ್ತಲಲ್ಲಿ ಯಾರೋ ಮೂಗು ಒರೆಸಿಕೊಂಡಿದ್ದು ಕೇಳಿಸಿತು. ನನಗೂ ಗಂಟಲು ಕಟ್ಟಿತ್ತು. ಅಷ್ಟರಲ್ಲಿ ಸೋಫಾದ ಆ ತುದಿಯಲ್ಲಿ ಒಂದು ಫೋನ್ ಬೆಳಗಿತು. ಯೂಟ್ಯೂಬ್‌ನಲ್ಲಿ ಯಾವನೋ ಒಬ್ಬ ಭಾರೀ ಉತ್ಸಾಹದಲ್ಲಿ ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ಅಂತ ಶುರು ಹಚ್ಚಿಕೊಂಡ. ‘ಲೋ ಮಗಾ, ಹಂಗಾದ್ರೆ ಅವನು ಮೊದಲಿಂದಲೇ ಸತ್ತೋಗಿದ್ನಾ?’ ಅಂದ ಒಬ್ಬ. ‘ಇಲ್ಲ ಗುರು, ಇಬ್ರೂ ಸತ್ತಿರ್ತಾರೆ. ಆ ಫೈರ್ ಅಲಾರಂ ಸೀನ್ ನೋಡು ಬೇಕಾದ್ರೆ’ ಅಂದ ಇನ್ನೊಬ್ಬ. ಹತ್ತೇ ನಿಮಿಷ. ನಮ್ಮ ಹಾಲ್ ಆಫೀಸಿನ ಸೋಮವಾರದ ಮೀಟಿಂಗ್ ಥರ ಆಗೋಯ್ತು. ಬಗ್ ಎಲ್ಲಿದೆ, ಯಾವ ಸೀನಲ್ಲಿ ಸಿಕ್ಕಿಬೀಳುತ್ತೆ, ಟಿಕೆಟ್ ಕ್ಲೋಸ್ ಮಾಡೋದು ಹೆಂಗೆ.

ನಾನು ಎದ್ದು ಬಾಲ್ಕನಿಗೆ ಹೋದೆ. ಅವತ್ತು ಜಗಳ ಆಡಲಿಲ್ಲ. ಅದಕ್ಕೇ ಈಗ ಆಡ್ತಾ ಇದೀನಿ.

ಸಿನಿಮಾದ ಹೆಸರು ‘ಆಲ್ ಆಫ್ ಅಸ್ ಸ್ಟ್ರೇಂಜರ್ಸ್’. 2023ರದ್ದು. ನಿರ್ದೇಶಕ ಆಂಡ್ರೂ ಹೇಗ್. ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ನೋಡ್ಕೊಂಡು ವಾಪಸ್ ಬನ್ನಿ. ಯಾಕಂದ್ರೆ ನಾನು ಕೊನೆಯ ದೃಶ್ಯದ ತನಕ ಎಲ್ಲಾ ಬಾಯಿಬಿಡೋನೇ.

ಕತೆ ಇಷ್ಟು. ಲಂಡನ್ನಿನ ಒಂದು ಹೊಸ ಅಪಾರ್ಟ್‌ಮೆಂಟ್ ಟವರ್. ಹೆಚ್ಚುಕಮ್ಮಿ ಖಾಲಿ. ಅಲ್ಲಿ ಆಡಮ್ ಅನ್ನೋ ಚಿತ್ರಕತೆ ಬರೆಯೋನು ಒಬ್ಬನೇ ಇದ್ದಾನೆ. ವಯಸ್ಸು ನಲವತ್ತು ದಾಟಿದೆ. ಹನ್ನೆರಡು ತುಂಬೋ ಹೊತ್ತಿಗೆ ಅವನ ಅಪ್ಪ ಅಮ್ಮ ಇಬ್ಬರೂ ಕಾರ್ ಆ್ಯಕ್ಸಿಡೆಂಟಿನಲ್ಲಿ ಹೋಗಿಬಿಟ್ಟಿದ್ದಾರೆ. ಒಂದು ರಾತ್ರಿ ಅದೇ ಟವರಿನ ಹ್ಯಾರಿ ಅನ್ನೋ ಹುಡುಗ ಕುಡಿದು, ಕೈಯಲ್ಲಿ ವಿಸ್ಕಿ ಬಾಟಲಿ ಹಿಡ್ಕೊಂಡು ಬಾಗಿಲು ತಟ್ಟುತ್ತಾನೆ. ಒಳಗೆ ಬರಲಾ ಅಂತಾನೆ. ಆಡಮ್ ಬೇಡ ಅಂತಾನೆ. ಆಮೇಲೆ ಆಡಮ್ ರೈಲು ಹತ್ತಿ ತಾನು ಬೆಳೆದ ಊರಿಗೆ ಹೋದರೆ ಅಪ್ಪ ಸಿಗ್ತಾನೆ, ಮನೆಗೆ ಕರ್ಕೊಂಡು ಹೋಗ್ತಾನೆ. ಮನೆಯಲ್ಲಿ ಅಮ್ಮ ಇದ್ದಾಳೆ. ಇಬ್ಬರೂ ಸತ್ತಾಗ ಎಷ್ಟು ವಯಸ್ಸೋ ಅಷ್ಟೇ ವಯಸ್ಸು. ತಾವು ಸತ್ತಿದ್ದೀವಿ ಅನ್ನೋದೂ ಅವರಿಗೆ ಗೊತ್ತು. ಈ ಕಡೆ ಟವರಿನಲ್ಲಿ ಹ್ಯಾರಿಯ ಜೊತೆ ಪ್ರೀತಿ ಶುರುವಾಗುತ್ತೆ. ಕೊನೆಗೆ ಅಪ್ಪ ಅಮ್ಮ ವಿದಾಯ ಹೇಳಿದ ಮೇಲೆ ಆಡಮ್ ಹ್ಯಾರಿಯ ಫ್ಲಾಟಿಗೆ ಹೋಗಿ ನೋಡಿದರೆ ಅಲ್ಲಿ ಹ್ಯಾರಿಯ ಹೆಣ. ಪಕ್ಕದಲ್ಲಿ ಮೊದಲ ರಾತ್ರಿಯ ಅದೇ ಬಾಟಲಿ.

ಈಗ ಥಿಯರಿಗಳು. ಒಂದು, ಹ್ಯಾರಿ ಮೊದಲ ರಾತ್ರಿಯೇ ಸತ್ತ, ಮಿಕ್ಕಿದ್ದೆಲ್ಲ ದೆವ್ವದ ಜೊತೆಗಿನ ಸಂಸಾರ. ಎರಡು, ಆಡಮ್ ಕೂಡ ಸತ್ತಿದ್ದಾನೆ. ಮೂರು, ಇದೆಲ್ಲ ಅವನು ಬರೀತಿರೋ ಸ್ಕ್ರಿಪ್ಟು. ಮೂರಕ್ಕೂ ಸಾಕ್ಷಿ ಹುಡುಕಬಹುದು. ಮೂರೂ ಎಲ್ಲೋ ಒಂದು ಕಡೆ ಕೈಕೊಡುತ್ತವೆ. ನನ್ನ ತಕರಾರು ಯಾವ ಥಿಯರಿ ಸರಿ ಅನ್ನೋದರ ಬಗ್ಗೆ ಅಲ್ಲವೇ ಅಲ್ಲ. ಸಿನಿಮಾ ನೋಡಿ ಎದ್ದವರಿಗೆ ಮೊದಲು ಹುಟ್ಟಿದ ಪ್ರಶ್ನೆ ಇದೇ ಆಯ್ತಲ್ಲ, ಅದರ ಬಗ್ಗೆ.

‘ದಿ ಸಿಕ್ಸ್ತ್ ಸೆನ್ಸ್’ ನೆನಪಿಸಿಕೊಳ್ಳಿ, 1999ರದ್ದು. ಕೊನೆಯಲ್ಲಿ ಗುಟ್ಟು ಗೊತ್ತಾದ ತಕ್ಷಣ ಹಿಂದಿನ ಒಂದೊಂದು ದೃಶ್ಯವೂ ಹೊಸದಾಗಿ ಜೋಡಣೆ ಆಗುತ್ತೆ. ಬೀಗ ಇದೆ, ಬೀಗದ ಕೈ ಇದೆ, ತಿರುಗಿಸಿದರೆ ಟಕ್ ಅಂತ ತೆಗೆಯುತ್ತೆ. ಆ ಸಿನಿಮಾ ಮಾಡಿರೋದೇ ಹಾಗೆ, ಅದರಲ್ಲಿ ತಪ್ಪಿಲ್ಲ. ಆದರೆ ಹೇಗ್ ಕಟ್ಟಿದ ಬಾಗಿಲಿಗೆ ಬೀಗವೇ ಇಲ್ಲ. ಇಲ್ಲದ ಬೀಗಕ್ಕೆ ಕೀ ಮಾಡಿ ಮಾರೋರು ಇದ್ದಾರೆ, ನಾವು ಕೊಂಡ್ಕೊಳ್ತೀವಿ.

ಇದು ನನ್ನ ಊಹೆ ಅಂದ್ಕೋಬೇಡಿ. ಈ ಕತೆಯ ಮೂಲ ತೈಚಿ ಯಮಾದಾ ಅನ್ನೋ ಜಪಾನಿ ಲೇಖಕನ 1987ರ ಕಾದಂಬರಿ. ಮರುವರ್ಷವೇ, 1988ರಲ್ಲಿ, ನೊಬುಹಿಕೊ ಒಬಯಾಶಿ ಅದನ್ನ ಜಪಾನಿನಲ್ಲೇ ಸಿನಿಮಾ ಮಾಡಿದ. ಅಲ್ಲಿ ನಾಯಕ ಡೈವೋರ್ಸ್ ಆದ ಟಿವಿ ಬರಹಗಾರ. ಟೋಕಿಯೋದ ಅಸಕುಸಾದಲ್ಲಿ ಸತ್ತ ಅಪ್ಪ ಅಮ್ಮ ಸಿಗ್ತಾರೆ, ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಹೆಂಗಸು ಸಿಗ್ತಾಳೆ. ದಿನದಿಂದ ದಿನಕ್ಕೆ ಅವನು ಬಡಕಲಾಗ್ತಾ ಹೋಗ್ತಾನೆ, ಬೇರೆಯವರು ನೋಡಿ ಗಾಬರಿ ಆಗ್ತಾರೆ. ಕೊನೆಗೆ ಗೊತ್ತಾಗುತ್ತೆ: ಅವನು ಬಾಗಿಲಲ್ಲೇ ವಾಪಸ್ ಕಳಿಸಿದ ರಾತ್ರಿ ಆ ಹೆಂಗಸು ಪ್ರಾಣ ಕಳ್ಕೊಂಡಿದ್ದಾಳೆ, ಅವನ ಜೀವ ಹೀರ್ತಾ ಇದ್ದದ್ದು ಅವಳ ಪ್ರೇತ. ಲೆಕ್ಕ ಚುಕ್ತಾ. ಅಂದರೆ ಪೂರ್ತಿ ಉತ್ತರ ಮೂಲದಲ್ಲೇ ರೆಡಿ ಇತ್ತು. ಹೇಗ್ ಅದನ್ನ ಕೈಯಲ್ಲಿ ಹಿಡ್ಕೊಂಡು ನೋಡಿ, ಬೇಡ ಅಂತ ಪಕ್ಕಕ್ಕಿಟ್ಟ. ಅವನ ಸಿನಿಮಾದಲ್ಲಿ ಹ್ಯಾರಿ ಯಾರ ರಕ್ತವನ್ನೂ ಹೀರಲ್ಲ. ಸೇಡಿಲ್ಲ, ಶಾಪ ಇಲ್ಲ. ನಿರ್ದೇಶಕ ಯೋಚನೆ ಮಾಡಿ ಬಿಟ್ಟಿದ್ದನ್ನ ನಾವು ಕಸದಬುಟ್ಟಿಯಿಂದ ಹೆಕ್ಕಿ ತಂದು ಜಾಣತನ ಅಂತ ಮೆರೆಸ್ತಿದೀವಿ.

ಉತ್ತರ ಬಿಟ್ಟ ಜಾಗದಲ್ಲಿ ಅವನು ಏನಿಟ್ಟ? ಸಂಭಾಷಣೆ ಇಟ್ಟ. ಸಿನಿಮಾದ ಪ್ರಾಣ ಇರೋದು ಅಲ್ಲಿ.

ಒಂದು ದೃಶ್ಯದಲ್ಲಿ ಅಮ್ಮ, ಗರ್ಲ್‌ಫ್ರೆಂಡ್ ಇದ್ದಾಳಾ ಅಂತ ಕೇಳ್ತಾಳೆ. ಆಡಮ್ ತಾನು ಗೇ ಅಂತ ಹೇಳ್ತಾನೆ. ಅಮ್ಮನ ಮುಖ ಬದಲಾಗುತ್ತೆ. ಆ ಕಾಯಿಲೆ ಬಗ್ಗೆ ಕೇಳ್ತಾಳೆ, ಒಂಟಿ ಬಾಳಲ್ವಾ ಅದು ಅಂತಾಳೆ. ಅವಳ ಕ್ಯಾಲೆಂಡರ್ ಎಂಬತ್ತರ ದಶಕದಲ್ಲೇ ನಿಂತಿದೆ. 1987ರಲ್ಲಿ ಬ್ರಿಟಿಷ್ ಸರ್ಕಾರ ಏಡ್ಸ್ ಬಗ್ಗೆ ಗೋರಿಕಲ್ಲು ತೋರಿಸಿ ಹೆದರಿಸೋ ಜಾಹೀರಾತು ಮಾಡಿತ್ತು, ಮನೆಮನೆಗೆ ಕರಪತ್ರ ಹಂಚಿತ್ತು. 1988ರಲ್ಲಿ ‘ಸೆಕ್ಷನ್ 28’ ಬಂತು, ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮವನ್ನ ‘ಪ್ರೋತ್ಸಾಹಿಸಬಾರದು’ ಅಂತ. ಇಂಗ್ಲೆಂಡಿನಲ್ಲಿ ಅದು ಹೋಗಿದ್ದು 2003ರಲ್ಲಿ. ಅಮ್ಮ ಆ ಕಾಲದ ಹೆಂಗಸು. ಈಗ ಹಾಗಿಲ್ಲಮ್ಮ, ಮದುವೆ ಕೂಡ ಆಗಬಹುದು ಅಂತ ಮಗ ಸಮಜಾಯಿಷಿ ಕೊಡ್ತಾನೆ. ಅವಳಿಗೆ ಅದು ತಲೆಗೆ ಹೋಗಲ್ಲ. ಸತ್ತವರ ಜೊತೆ ಮಾತಾಡೋದರಲ್ಲಿರೋ ಕಷ್ಟ ಇದೇ ನೋಡಿ. ಅವರು ಅಪ್‌ಡೇಟ್ ಆಗಲ್ಲ. ಬೇರೆ ಮನೆಗಳ ಅಮ್ಮಂದಿರು ಅತ್ತು, ಮಾತು ಬಿಟ್ಟು, ಐದಾರು ವರ್ಷಕ್ಕೆ ಸರಿಹೋಗ್ತಾರೆ. ಸತ್ತ ಅಮ್ಮನಿಗೆ ಆ ಐದಾರು ವರ್ಷ ಎಲ್ಲಿಂದ ತರೋದು?

ಅಪ್ಪನ ದೃಶ್ಯ ಇನ್ನೂ ಕಷ್ಟದ್ದು. ನೀನು ಸ್ಕೂಲಿಂದ ಬಂದು ರೂಮಲ್ಲಿ ಅಳ್ತಿದ್ದದ್ದು ನನಗೆ ಕೇಳಿಸ್ತಿತ್ತು ಅಂತಾನೆ ಅಪ್ಪ. ಹಾಗಾದರೆ ಯಾಕೆ ಒಳಗೆ ಬರಲಿಲ್ಲ ಅನ್ನೋದು ಮಗನ ಪ್ರಶ್ನೆ. ಅಪ್ಪ ನೆಪ ಹೇಳಲ್ಲ. ನಾನು ನಿನ್ನ ಕ್ಲಾಸಲ್ಲಿ ಇದ್ದಿದ್ದರೆ ನಾನೂ ನಿನ್ನನ್ನ ಕಾಡಿಸ್ತಿದ್ದೆನೇನೋ ಅಂತ ಒಪ್ಕೊಳ್ತಾನೆ. ಆಮೇಲೆ ತಬ್ಬಿಕೊಳ್ಳಲಾ ಅಂತ ಅನುಮತಿ ಕೇಳ್ತಾನೆ. ಮಗನಾಗಿರೋ ಆಂಡ್ರೂ ಸ್ಕಾಟ್ ಹುಟ್ಟಿದ್ದು 1976ರಲ್ಲಿ. ಅಪ್ಪನಾಗಿರೋ ಜೇಮಿ ಬೆಲ್ 1986ರಲ್ಲಿ, ಅಮ್ಮನಾಗಿರೋ ಕ್ಲೇರ್ ಫಾಯ್ 1984ರಲ್ಲಿ. ತನಗಿಂತ ಹತ್ತು ವರ್ಷ ಚಿಕ್ಕವನ ಎದೆಗೆ ಒರಗಿ ಒಬ್ಬ ನಡುವಯಸ್ಸಿನವನು ಮಗುವಿನ ಥರ ಅಳ್ತಾನೆ. ಮೇಕಪ್ಪಿಲ್ಲ, ಗ್ರಾಫಿಕ್ಸ್ ಇಲ್ಲ. ಇವರು ತಂದೆ-ಮಗ ಅಂತ ಒಂದು ಕ್ಷಣವೂ ನನಗೆ ಅನುಮಾನ ಬರಲಿಲ್ಲ. ಆ ಮನೆ ಕೂಡ ಸೆಟ್ ಅಲ್ಲ, ಹೇಗ್ ಸ್ವತಃ ಚಿಕ್ಕಂದಿನಲ್ಲಿ ಇದ್ದ ಕ್ರಾಯ್ಡನ್ನಿನ ಮನೆ. ಅಲ್ಲೇ ಹೋಗಿ ಶೂಟ್ ಮಾಡಿದ್ದಾರೆ.

ಇಂಥ ಎರಡು ದೃಶ್ಯ ನೋಡಿ ಎದ್ದವನು ‘ಫೈರ್ ಅಲಾರಂ ಯಾಕೆ ಹೊಡೀತು’ ಅಂತ ಕೇಳಿದರೆ ನನಗೆ ಸಿಟ್ಟು ಬರುತ್ತೆ. ತಿಳ್ಕೊಳ್ಳೋ ಆಸೆಗಿಂತ ತಪ್ಪಿಸಿಕೊಳ್ಳೋ ಆಸೆ ಅದರಲ್ಲಿ ಜಾಸ್ತಿ ಕಾಣುತ್ತೆ. ನಮ್ಮಪ್ಪನ ಹತ್ತಿರ ನಾನು ಏನು ಹೇಳಿಲ್ಲ, ಹೇಳೋಕೆ ಇನ್ನೂ ಟೈಮ್ ಇದೆಯಾ ಅಂತ ಆ ಸೋಫಾದ ಮೇಲೆ ಆರಕ್ಕೆ ಆರೂ ಜನ ಯೋಚನೆ ಮಾಡಿರ್ತೀವಿ. ಆ ಯೋಚನೆಯಿಂದ ಈಚೆ ಬರೋಕೆ ಅತ್ಯಂತ ಸಲೀಸಾದ ದಾರಿ, ಎಂಟು ನಿಮಿಷದ ಒಂದು ವಿಡಿಯೋ.

ಇದರ ತಮ್ಮ ಇನ್ನೊಬ್ಬನಿದ್ದಾನೆ. ‘ಇದು ಗೇ ಸಿನಿಮಾ ಅಲ್ಲ, ಎಲ್ಲರ ಸಿನಿಮಾ’ ಅನ್ನೋನು. ಒಳ್ಳೆ ಮನಸ್ಸಿಂದಲೇ ಹೇಳ್ತಾನೆ. ಆದರೆ ಸ್ವಾಮಿ, ಅಮ್ಮನ ಆ ಪ್ರಶ್ನೆ ಎಲ್ಲರಿಗೂ ಬರುವಂಥದ್ದಲ್ಲ. ಮನೆಯವರು ಹೊರಗೆ ಹಾಕದೇ ಇದ್ದರೂ ಮನೆಯ ಅಂಚಿಗೆ ತಾನೇ ಸರೀತಾ ಹೋದೆ ಅಂತ ಹ್ಯಾರಿ ಹೇಳ್ಕೊಳ್ತಾನಲ್ಲ, ಅದೂ ಎಲ್ಲರ ಅನುಭವ ಅಲ್ಲ. ನಿಮಗೆ ಅಳು ಬಂತಾ, ಸಂತೋಷ. ಅಳೋದಕ್ಕೆ ಮುಂಚೆ ಅವರ ಹೆಸರು ಅಳಿಸಿ ನಿಮ್ಮ ಹೆಸರು ಬರ್ಕೊಳ್ಳೋ ಅಗತ್ಯ ಇಲ್ಲ.

ಇಷ್ಟು ಯಾಕೆ ಕೂಗಾಡ್ತಿದೀಯ ಅಂತ ನೀವು ಕೇಳ್ತೀರಿ. ಹೇಳ್ತೀನಿ.

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೀತಿದ್ದರು. 2016ರಲ್ಲಿ ತೀರಿಕೊಂಡ್ರು, ಎದೆನೋವು ಅಂದು ಎರಡು ಗಂಟೆಯೊಳಗೆ. ನಾನು ಬೆಂಗಳೂರಿಂದ ಹೋಗೋ ಹೊತ್ತಿಗೆ ಹೊರಗೆ ಚಾಪೆ ಹಾಸಿ ಮಲಗಿಸಿದ್ದರು. ಆಗ ನಾನು ಮೂರು ವರ್ಷದಿಂದ ಒಬ್ಬನ ಜೊತೆ ಬಾಳ್ತಿದ್ದೆ. ಊರಿಗೆ ಅವನು ನನ್ನ ‘ರೂಂಮೇಟ್’. 377ನೇ ಸೆಕ್ಷನ್ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಅಪ್ಪನ ಕ್ಯಾಲೆಂಡರ್ ಅದಕ್ಕೆ ಎರಡು ವರ್ಷ ಮುಂಚೆಯೇ ನಿಂತಿತ್ತು. ಅವರ ಲೆಕ್ಕದಲ್ಲಿ ನಾನು ಸಾಯೋ ತನಕ ಕ್ರಿಮಿನಲ್ಲೇ. ಆ ಲೆಕ್ಕ ಅವರಿಗೆ ಗೊತ್ತಿತ್ತೋ ಇಲ್ಲವೋ.

ಹನ್ನೊಂದನೇ ದಿನ ಕಾಗೆಗೆ ಎಡೆ ಇಟ್ಟು ಎಲ್ಲರೂ ದೂರ ನಿಂತ್ವಿ. ಕಾಗೆ ಬರಲಿಲ್ಲ. ಬಂದು ತೆಂಗಿನಮರದ ಮೇಲೆ ಕೂತಿತು, ಕೆಳಗಿಳೀಲಿಲ್ಲ. ಬಿಸಿಲು ಏರ್ತಾ ಇತ್ತು, ಊಟಕ್ಕೆ ಬಂದವರು ಕಾಯ್ತಾ ಇದ್ದರು. ದೊಡ್ಡಪ್ಪ ಮುಂದೆ ಬಂದು ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು: ‘ಏನೋ ಆಸೆ ಉಳ್ಕೊಂಡೈತೆ ಕಣ್ರೋ. ಇನ್ನೇನಿರ್ತದೆ, ಮಗನ ಮದ್ವೆ. ವರ್ಷದೊಳಗೆ ಮಾಡ್ತೀವಿ ಅಂತ ಕೈ ಮುಗಿಯಪ್ಪ.’ ಎಲ್ಲರೂ ನನ್ನ ಮುಖ ನೋಡಿದ್ರು. ಅಮ್ಮ ಕೂಡ. ನಾನು ಕೈ ಮುಗಿದೆ. ಸ್ವಲ್ಪ ಹೊತ್ತಿಗೆ ಕಾಗೆ ಇಳಿದು ಮುಟ್ಟಿತು. ಅವತ್ತು ಎಂಡಿಂಗ್ ಎಕ್ಸ್‌ಪ್ಲೇನ್ ಆಯ್ತು. ಆ ವಿವರಣೆ ಹೆಗಲ ಮೇಲೆ ಹೊತ್ಕೊಂಡು ನಾನು ಎಷ್ಟು ಹುಡುಗಿಯರ ಫೋಟೋ ನೋಡಬೇಕಾಯ್ತು ಅನ್ನೋದು ಬೇರೆ ಕತೆ.

ದೊಡ್ಡಪ್ಪ ಕೆಟ್ಟವರಲ್ಲ. ಊಟದ ಹೊತ್ತು ಮೀರ್ತಿತ್ತು, ತಮ್ಮ ಹೋದ ದುಃಖ ಅವರಿಗೂ ಇತ್ತು, ಮರದ ಮೇಲೆ ಸುಮ್ಮನೆ ಕೂತ ಕಾಗೆಯನ್ನ ನೋಡ್ತಾ ನಿಲ್ಲೋಕೆ ಆಗಲಿಲ್ಲ. ಅರ್ಥ ಹೇಳಿಬಿಟ್ಟರು. ಸತ್ತವರ ಮೌನಕ್ಕೆ ಅರ್ಥ ಹೇಳೋನು ಹೆಚ್ಚಾಗಿ ತನಗೆ ಬೇಕಾದ ಅರ್ಥವನ್ನೇ ಹೇಳ್ತಾನೆ. ಅದಕ್ಕೇ ನನಗೆ ಈ ಎಕ್ಸ್‌ಪ್ಲೇನ್ ಮಾಡೋರ ಮೇಲೆ ನಂಬಿಕೆ ಇಲ್ಲ, ಯೂಟ್ಯೂಬಿನಲ್ಲಿರಲಿ, ತೆಂಗಿನ ತೋಟದಲ್ಲಿರಲಿ.

ಎದುರುವಾದ ಒಂದಿದೆ, ಅದಕ್ಕೆ ಉತ್ತರ ಕೊಡದೆ ಓಡಿಹೋಗಲ್ಲ. ‘ಹಾಗಾದರೆ ನಿರ್ದೇಶಕ ಏನು ಬೇಕಾದ್ರೂ ಮಾಡಿ ಕೈತೊಳ್ಕೊಂಡು, ಅದು ಓಪನ್ ಎಂಡಿಂಗ್ ಅನ್ನಬಹುದಾ?’ ಖಂಡಿತ ಇಲ್ಲ. ಕತೆ ಮುಗಿಸೋಕೆ ಬರದೆ ಮಂಜು ಬಿಟ್ಟು ತಪ್ಪಿಸಿಕೊಳ್ಳೋರು ಬೇಕಾದಷ್ಟು ಜನ ಇದ್ದಾರೆ. ಹೇಗ್ ಆ ಗುಂಪಿಗೆ ಸೇರಲ್ಲ, ಯಾಕಂದ್ರೆ ಮುಖ್ಯವಾದ ಸಂಗತಿಗಳನ್ನ ಅವನು ಒಂಚೂರೂ ಮಸುಕು ಮಾಡಿಲ್ಲ. ಅಪ್ಪ ಅಮ್ಮ ಸತ್ತಿದ್ದಾರೆ, ಅದು ಖಚಿತ. ಹ್ಯಾರಿ ಒಬ್ಬನೇ ಸತ್ತ, ಯಾರೂ ಹುಡುಕಿಕೊಂಡು ಬರಲಿಲ್ಲ, ಅದೂ ಖಚಿತ. ಒಂದು ರಾತ್ರಿ ಬಾಗಿಲು ತೆಗೆದಿದ್ದರೆ ಏನಾಗ್ತಿತ್ತೋ ಅನ್ನೋ ಭಾರ ಆಡಮ್ ಮೇಲಿದೆ, ಅದೂ ಖಚಿತ. ಮಸುಕಾಗಿರೋದು ಒಂದೇ: ಇಲ್ಲದವರ ಜೊತೆ ಅವನು ಹೇಗೆ ಮಾತಾಡಿದ ಅನ್ನೋದು. ಅದು ನಮ್ಮೆಲ್ಲರ ಮನೆಯಲ್ಲೂ ಮಸುಕಾಗೇ ಇರುತ್ತೆ. ಅಮ್ಮ ಇವತ್ತಿಗೂ ಅಡುಗೆಮನೆಯಲ್ಲಿ ಅಪ್ಪನಿಗೆ ಬೈತಾರೆ. ಅಲ್ಲಿ ಯಾರಿದ್ದಾರೆ ಅಂತ ನಾನು ಕೇಳಿಲ್ಲ.

ಸಿನಿಮಾ ಮೇಲೆ ನನಗೂ ಒಂದು ತಕರಾರಿದೆ. ಹ್ಯಾರಿ ಸಾಯಬೇಕಿತ್ತಾ? ಪರದೆಯ ಮೇಲೆ ನಮ್ಮಂಥವರು ಸತ್ತಿದ್ದು ಸಾಲದಾ? ಕೊನೆಯಲ್ಲಿ ಆಡಮ್ ಅವನನ್ನ ತಬ್ಬಿಕೊಂಡು ಮಲಗ್ತಾನೆ, ಇಬ್ಬರೂ ಒಂದು ಬೆಳಕಿನ ಚುಕ್ಕಿಯಾಗಿ ನಕ್ಷತ್ರಗಳ ನಡುವೆ ಸೇರಿಹೋಗ್ತಾರೆ. ನೋಡೋಕೆ ಚೆಂದ. ಆದರೆ ನನಗೆ ನಕ್ಷತ್ರ ಬೇಡವಾಗಿತ್ತು, ಬೆಳಗ್ಗೆ ಎದ್ದು ಕಾಫಿ ಮಾಡಿಕೊಡೋ ಹ್ಯಾರಿ ಬೇಕಿತ್ತು. ಈ ಜಗಳ ನನಗೂ ಹೇಗ್‌ಗೂ ಇನ್ನೂ ಮುಗಿದಿಲ್ಲ. ಇಂಥ ಜಗಳ ಆಡೋಣ ಬನ್ನಿ. ಯಾರು ಯಾವಾಗ ಸತ್ತರು ಅಂತ ಟೈಮ್‌ಲೈನ್ ಬರೀತಾ ಕೂತರೆ ಈ ಜಗಳದ ತನಕ ನಾವು ಬರೋದೇ ಇಲ್ಲ.

ನನ್ನ ಮನಸ್ಸಲ್ಲಿ ಕೂತಿರೋ ದೃಶ್ಯ ಬೇರೆ. ಮಾಲ್ ಒಂದರ ಸಾಧಾರಣ ಹೋಟೆಲಿನಲ್ಲಿ, ಚಿಕ್ಕಂದಿನಲ್ಲಿ ಆಡಮ್‌ಗೆ ಇಷ್ಟವಾಗಿದ್ದ ಜಾಗದಲ್ಲಿ, ಮೂವರೂ ಕೂತಿದ್ದಾರೆ. ಅಪ್ಪ ಅಮ್ಮ ಹೊರಡೋ ಹೊತ್ತು. ನಾವು ಸತ್ತಾಗ ತಕ್ಷಣ ಜೀವ ಹೋಯ್ತಾ ಅಂತ ಕೇಳ್ತಾರೆ. ಹೌದು, ತಕ್ಷಣ ಅಂತಾನೆ ಆಡಮ್. ಅದು ಪೂರ್ತಿ ನಿಜ ಅಲ್ಲ ಅಂತ ನಮಗೆ ಗೊತ್ತು, ಅಮ್ಮ ಕೆಲವು ದಿನ ಆಸ್ಪತ್ರೆಯಲ್ಲಿದ್ದದ್ದನ್ನ ಅವನೇ ಹೇಳಿದ್ದಾನೆ. ಹೇಗೆ ಸತ್ತೆವು ಅಂತ ಸತ್ತವರೇ ಕೇಳಿದಾಗಲೂ ಅವನು ಎಕ್ಸ್‌ಪ್ಲೇನ್ ಮಾಡಲ್ಲ. ಅವರನ್ನ ನೆಮ್ಮದಿಯಾಗಿ ಕಳಿಸಿಕೊಡ್ತಾನೆ.

ನನಗೆ ಅಪ್ಪನ ಜೊತೆ ಅಂಥ ಊಟ ಸಿಗಲಿಲ್ಲ. ಸಿಕ್ಕಿದ್ದು ರೈಲ್ವೆ ಸ್ಟೇಷನ್. ತೀರಿಕೊಳ್ಳೋಕೆ ನಾಲ್ಕು ತಿಂಗಳ ಮುಂಚೆ ತಿಪಟೂರು ಪ್ಲಾಟ್‌ಫಾರ್ಮಿನಲ್ಲಿ ಅಪ್ಪ ಎರಡು ಪೊಟ್ಟಣ ಕೊಬ್ಬರಿ ಮಿಠಾಯಿ ಕೈಗಿಟ್ಟು, ‘ಇದು ನಿಂಗೆ, ಇದು ಅವ್ನಿಗೆ’ ಅಂದ್ರು. ಅವನು ಒಂದು ದೀಪಾವಳಿಗೆ ನಮ್ಮನೆಗೆ ಬಂದಿದ್ದ. ಹೆಸರು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವತ್ತಿನಿಂದ ಫೋನಿನಲ್ಲೂ ಬರೀ ‘ಅವ್ನು’. ಅವ್ನು ಹೆಂಗವ್ನೆ, ಅವ್ನು ಊಟ ಮಾಡಿದ್ನಾ. ನಮ್ಮಮ್ಮ ಹುಟ್ಟಿದಾಗಿನಿಂದ ಅಪ್ಪನ ಹೆಸರು ಹೇಳಿದವರಲ್ಲ, ‘ಅವ್ರು’ ಅಂತಲೇ ಅನ್ನೋರು. ನಮ್ಮ ಕಡೆ ಸಂಸಾರಸ್ಥರ ಮಾತೇ ಹಾಗೆ. ಅಪ್ಪ ‘ಅವ್ನು’ ಅಂದಿದ್ದು ಆ ಅರ್ಥದಲ್ಲಾ? ಅಥವಾ ಬೆಂಗಳೂರಿನ ಹುಡುಗನ ಹೆಸರು ನಾಲಿಗೆಗೆ ಹೊರಳದೆ ಹಾಗೆ ಅಂದರಾ?

ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ. ಗೆಳೆಯರು ಕೇಳಿದರೆ ಇಬ್ಬರು ಹೌದು ಅಂತಾರೆ, ಮೂವರು ಇಲ್ಲ ಅಂತಾರೆ, ಒಬ್ಬ ಸಾಕ್ಷಿ ಕೇಳ್ತಾನೆ. ದಯವಿಟ್ಟು ಯಾರೂ ಬಿಡಿಸಿ ಹೇಳೋಕೆ ಬರಬೇಡಿ. ಆ ಎರಡನೇ ಪೊಟ್ಟಣವನ್ನ ಮನೆಗೆ ತಂದು ಅವನ ಕೈಗೆ ಕೊಟ್ಟು, ‘ಅಪ್ಪ ಕೊಟ್ರು, ನಿನಗೆ’ ಅಂದೆ. ಅವನು ಏನೂ ಕೇಳದೆ ಬಿಚ್ಚಿ ತಿಂದ.